ಯಾರ ಬಲಕ್ಕೆ?

ಕೆರೆಯಂಚಿಗೆ ದೋಣಿಯಾಕಾರದಲ್ಲಿ ಕಟ್ಟಿದ ಕಲ್ಲಿನ ಮಂಟಪದ ಮುಂದೆ ನಿಂತು ನಿಂತು ಯೂತಾಂಗಳ ಮೂಗು ಕೆಂಪಾಗಿತ್ತು. ಅರ್ಧ ಚಳಿಗೆ, ಅರ್ಧ ಸಿಟ್ಟಿಗೆ. ಬೀಜಿಂಗಿನ 'ಬೇಸಿಗೆ ಅರಮನೆ'ಯ ಕೆರೆ ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು. ಚಳಿಗೆ ಫೋನೂ ಸತ್ತಿತ್ತು.

ಇವತ್ತು ಅವಳ ಪ್ರಿಯಕರ ಕೈಷಾನ್‌ನ ತಾಯಿ ಮೊದಲ ಸಲ ಅವಳನ್ನು ನೋಡಬೇಕಿತ್ತು. ಒಪ್ಪಿದರೆ ಬೀಜಿಂಗಿನಲ್ಲೇ ಬಾಳು. ಇಲ್ಲವಾದರೆ ಸಂಜೆಯ ರೈಲು ಹತ್ತಿ ತನ್ನೂರು ಚೋಂಗ್‌ಚಿಂಗ್‌ಗೆ ಹೋಗಿ, ಅವನನ್ನು ಮರೆಯುವುದು. ಹಾಗೆಂದು ಪಣ ತೊಟ್ಟವಳೂ ಅವಳೇ.

ಕೆರೆಯುದ್ದಕ್ಕೂ ಚಾಚಿದ ಪಡಸಾಲೆಯ ಬಣ್ಣದ ಕಂಬಗಳ ನಡುವೆ ಕೈಷಾನ್ ಏದುಸಿರು ಬಿಡುತ್ತ ಓಡಿ ಬಂದ. ಕೈಯಲ್ಲಿ ಅವಳಿಗಿಷ್ಟದ, ಸಕ್ಕರೆ ಪಾಕದಲ್ಲಿ ಅದ್ದಿದ ಹುಳಿಹಣ್ಣು ಪೋಣಿಸಿದ ಕಡ್ಡಿ.

"ಇಲ್ಲೇನ್ ಮಾಡ್ತಿದ್ದೀಯ? ಪಡಸಾಲೆಯ ಪೂರ್ವದ ತುದಿ ಅಂದಿದ್ನಲ್ಲ!"

"ಪೂರ್ವ ಎಲ್ಲಿದೆ? ತೋರ್ಸು! ಬೆಳಗ್ಗಿಂದ ಸೂರ್ಯನೇ ಹುಟ್ಟಿಲ್ಲ!"

"ಸೂರ್ಯ ಯಾಕೆ ಬೇಕು? ಪೂರ್ವ ಅಂದ್ರೆ ಪೂರ್ವ."

"ನಿಮ್ಮಂಥ ಬೀಜಿಂಗಿನವರಿಗೆ! ಊಟಕ್ಕೆ ಕೂತ್ರೂ 'ವಿನೆಗರ್ ಪಶ್ಚಿಮಕ್ಕಿದೆ ನೋಡು' ಅನ್ನೋ ಜನ ನೀವು. ನಮ್ಮ ಗುಡ್ಡದೂರಲ್ಲಿ ಮನುಷ್ಯರ ಥರ ಎಡಕ್ಕೆ ತಿರುಗು, ಮೆಟ್ಟಿಲು ಹತ್ತು ಅಂತಾರೆ."

ಅವನು ಕಡ್ಡಿ ಮುಂದೆ ಚಾಚಿದ. ಅವಳು ಅದನ್ನು ನೋಡಿದ ನೋಟಕ್ಕೆ ಪಾಕ ಕರಗದಿದ್ದುದೇ ಹೆಚ್ಚು.

"ನಿಮ್ಮಮ್ಮ ಎಲ್ಲಿ?"

"ಕಾದು ಕಾದು ಮನೆಗೆ ಹೋದ್ರು. ಆದ್ರೆ..."

ಯೂತಾಂಗ್ ಆ 'ಆದ್ರೆ'ಯನ್ನು ಕೇಳಿಸಿಕೊಳ್ಳಲೇ ಇಲ್ಲ. ಹೆದರಿದಷ್ಟೂ ಅವಳ ದನಿ ಏರಿತು.

"ಸರಿ, ಮುಗೀತು. ಚಳೀಲಿ ಹಿರಿಯರನ್ನ ನಿಲ್ಲಿಸಿದ ಸೊಸೇನ ಯಾರು ಒಪ್ತಾರೆ? ನಾನ್ ಹೊರಟೆ. ಯಾವ ಕಡೆ ಬಾಗಿಲು? ನೋಡು, ದಿಕ್ಕು ಹೇಳಿದ್ರೆ ಕೊಂದ್‌ಬಿಡ್ತೀನಿ!"

"ಒಂದ್ಸಲ ಬಾಯ್ಮುಚ್ತೀಯಾ!"

ಅವನು ಕಿರುಚಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಕೆರೆಯ ಮೇಲೆ ಜಾರುತ್ತಿದ್ದವರೂ ತಿರುಗಿ ನೋಡಿದರು.

"ಅಮ್ಮ ಬೈದಿದ್ದು ನಿನ್ನನ್ನಲ್ಲ, ನನ್ನನ್ನ. 'ಚೋಂಗ್‌ಚಿಂಗ್ ಹುಡುಗಿಗೆ ಪೂರ್ವ ಅಂದ್ಯಾ, ಕತ್ತೆ? ಅವರೂರಲ್ಲಿ ದಿಕ್ಕೇ ಇಲ್ಲ, ಬರೀ ಮೇಲೆ, ಕೆಳಗೆ! ಆ ಮಗು ಎಲ್ಲಿ ನಡುಗ್ತಾ ನಿಂತಿದ್ಯೋ, ಹುಡುಕ್ಕೊಂಡ್ ಬಾ. ಒಬ್ಬನೇ ಬಂದ್ರೆ ಬಾಗಿಲು ತೆಗೆಯಲ್ಲ' ಅಂದ್ರು. ಕಡುಬಿಗೆ ಹಿಟ್ಟು ಲಟ್ಟಿಸೋಕೆ ಹೋಗಿದ್ದಾರೆ. ನಿನಗೆ ಅಂತ ನಿಮ್ಮೂರ ಖಾರದ ಎಣ್ಣೆ ಬೇರೆ ಕಾಯಿಸ್ತಿದ್ದಾರೆ, ಜನ್ಮದಲ್ಲಿ ಖಾರ ಮುಟ್ಟದವರು!"

ಯೂತಾಂಗ್ ಮಾತು ಹುಡುಕಿದಳು. ಸಿಕ್ಕಿದ್ದು ಮತ್ತೆ ಬೈಗುಳವೇ.

"ಇದನ್ನ ಮೊದ್ಲೇ ಹೇಳೋಕೇನಾಗಿತ್ತು?"

"ನೀನು ಬಿಟ್ಟಿದ್ರೆ ತಾನೇ! ರೈಲು ಹತ್ಬೇಡ ಕಣೇ. ನೀನಿಲ್ದೆ ನನಗಾಗಲ್ಲ. ಇದಕ್ಕೆ ದಿಕ್ಕು ಗೊತ್ತಿರ್ಬೇಕಾ?"

ಅವಳು ಕಡ್ಡಿಯನ್ನು ಕಿತ್ತುಕೊಂಡು, ಮೇಲಿನ ಹಣ್ಣನ್ನು ಕಟುಂ ಎಂದು ಕಚ್ಚಿದಳು. "ಸಿಟ್ಟು ಹೋಗಿಲ್ಲ."

"ಗೊತ್ತು. ಬಾ, ಮೆಟ್ರೋಗೆ ಉತ್ತ..." ನಾಲಿಗೆ ಕಚ್ಚಿಕೊಂಡ. "ಬಲಕ್ಕೆ."

"ಯಾರ ಬಲಕ್ಕೆ? ನನ್ನ ಬಲಕ್ಕೆ ಕೆರೆ ಇದೆ. ಹಾರ್ಲಾ?"

ಅವಳಿಗೆ ಎದುರಾಗಿ ನಿಂತಿದ್ದ ಕೈಷಾನ್ ತನ್ನ ಕೈ ನೋಡಿಕೊಂಡ, ಅವಳ ಕೈ ನೋಡಿದ, ತಬ್ಬಿಬ್ಬಾದ. ಯೂತಾಂಗ್ ಅವನನ್ನು ಸುತ್ತಿ ಬಂದು, ಅವನು ನೋಡುತ್ತಿದ್ದ ಕಡೆಗೇ ಮುಖ ಮಾಡಿ, ಭುಜಕ್ಕೆ ಭುಜ ತಾಗಿಸಿ ನಿಂತಳು. ತಣ್ಣಗಿದ್ದ ಕೈಯನ್ನು ಅವನ ಕೋಟಿನ ಜೇಬಿಗೆ ತೂರಿಸಿದಳು.

"ಈಗ ಹೇಳು."

"ಬಲಕ್ಕೆ," ಎಂದ ಅವನು.