ಅಜ್ಜಿ ಅಗಲ ಯಾವಾಗ ಆದ್ರು?

“ನಮ್ಮನ್ನು ಅಗಲಿದ ನಿವೃತ್ತ ಶಿಕ್ಷಕಿ, ಪ್ರವಾಸಪ್ರಿಯೆ...” ಚಿಟ್ಟಿ ಮತ್ತೆ ಅಲ್ಲೇ ತಡವರಿಸಿದಳು. ಮುಂದಿನ ಸಾಲು ಬಾಯಿಗೇ ಬರಲಿಲ್ಲ.

ಬಾಯಿಪಾಠ ಮಾಡಿ ಮಾಡಿ ಅವಳಿಗೆ ಸಾಕಾಗಿಹೋಗಿತ್ತು. ನಾಳೆ ಪ್ರೇಯರ್ ಮುಗಿದ ಮೇಲೆ ಇಡೀ ಸ್ಕೂಲಿನ ಮುಂದೆ ಅಜ್ಜಿಯ ಬಗ್ಗೆ ಮಾತಾಡಬೇಕು. ಹೋದ ವಾರ ತೀರಿಕೊಂಡ ಅಜ್ಜಿ ಅದೇ ಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಭಾಷಣವನ್ನು ಕ್ಲಾಸ್ ಮಿಸ್ ಬರೆದುಕೊಟ್ಟಿದ್ದರು. ಒಂದೊಂದು ಪದವೂ ಹಲ್ಲಿಗೆ ಸಿಕ್ಕಿಕೊಳ್ಳುವಂಥದ್ದು! ಓದಿದರೆ ಯಾರದೋ ಅಜ್ಜಿಯ ಬಗ್ಗೆ ಓದಿದ ಹಾಗಿತ್ತು. ಅದೇ ಅವಳ ಸಂಕಟ.

ಹೋಂವರ್ಕ್ ಬಿಟ್ಟು ಕೇಳುತ್ತಿದ್ದ ತಮ್ಮ ಹತ್ತಿರ ಬಂದ.

“ಅಕ್ಕಾ, ಅಜ್ಜಿ ಕಡ್ಡಿ ಥರ ಇದ್ರಲ್ವಾ? ಅಗಲ ಯಾವಾಗ ಆದ್ರು?”

“ಅಗಲಿದ ಅಂದ್ರೆ ಬಿಟ್ಟು ಹೋದ ಅಂತ ಕಣೋ, ಪೆದ್ದ.”

ಅಮ್ಮ ಆಗಷ್ಟೇ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ದಿನವಿಡೀ ನಿಂತು ನಿಂತು ಪಾದ ಊದಿತ್ತು. ತಮ್ಮನ ಮಾತು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಗುನಗುತ್ತಲೇ ಕಣ್ಣು ತುಂಬಿತು. ತನ್ನ ಅಮ್ಮ ಇದನ್ನು ಕೇಳಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು ಎಂದಳು.

ಹೌದು, ಅಜ್ಜಿಯ ಕಾಲಲ್ಲಿ ಚಕ್ರವಿತ್ತು. ರಜ ಬಂದರೆ ಸಾಕು, ಬ್ಯಾಗ್ ಹೆಗಲಿಗೆ. ಬಸ್ಸೋ ರೈಲೋ, ಯಾವುದಾದರೂ ಆದೀತು. ಆದರೆ ಹೋದ ವರ್ಷ ಮಂಡಿ ಕೈಕೊಟ್ಟಿತು. ಅಲ್ಲಿಂದಾಚೆಗೆ ಕಿಟಕಿ ಪಕ್ಕದ ಮಂಚವೇ ಗತಿ.

ಆಮೇಲೆ ಶುರುವಾಯಿತು ಚಿಟ್ಟಿಗೆ ಕಾಟ. ಸ್ಕೂಲ್ ಬ್ಯಾಗ್ ಇಳಿಸುವ ಮೊದಲೇ, “ದಾರೀಲಿ ಏನೇನ್ ನೋಡ್ದೆ, ಹೇಳಮ್ಮಾ?”

“ಏನೂ ಇಲ್ಲ ಅಜ್ಜಿ. ದಿನಾ ಅದೇ ದಾರಿ.”

ಬಿಟ್ಟರೆ ತಾನೆ? ಯಾರು ಸಿಕ್ಕರು, ಯಾಕೆ ನಿಂತಿದ್ದರು, ಮಳೆಗೆ ಗುಂಡಿ ತುಂಬಿತ್ತೇ, ಎಲ್ಲ ಬೇಕು. ಕಡೆಗೆ ಚಿಟ್ಟಿ ಸೋತು, ಹೇಳಲು ಏನಾದರೂ ಸಿಗಲಿ ಎಂದು ಮಾರ್ಕೆಟ್ ಹಿಂದಿನ ಸುತ್ತು ದಾರಿ ಹಿಡಿದಳು. ಬೀಗ ರಿಪೇರಿಯವನು ತನ್ನದೇ ಅಂಗಡಿಯ ಬೀಗ ತೆಗೆಯಲಾಗದೆ ಒದ್ದಾಡಿದ್ದನ್ನು ಹೇಳಿದ ದಿನ ಅಜ್ಜಿ ಬಿದ್ದು ಬಿದ್ದು ನಕ್ಕಿದ್ದರು.

ಮರುದಿನ ಬೆಳಿಗ್ಗೆ ಚಿಟ್ಟಿ ಮೈಕಿನ ಮುಂದೆ ನಿಂತಳು. “ನಮ್ಮನ್ನು ಅಗಲಿದ...” ಅಷ್ಟೇ. ಮುಂದಿನದೆಲ್ಲ ತಲೆಯಿಂದ ಮಾಯ. ಕೆಳಗೆ ನಿಂತಿದ್ದ ಮಿಸ್ ತುಟಿ ಆಡಿಸಿ ಹೇಳಿಕೊಟ್ಟರು. ಚಿಟ್ಟಿ ಅತ್ತ ನೋಡಲಿಲ್ಲ.

“ನಮ್ಮಜ್ಜಿಗೆ ಕೊನೇಲಿ ನಡೆಯೋಕೆ ಆಗ್ತಿರ್ಲಿಲ್ಲ,” ಎಂದಳು. “ನಾನು ಸ್ಕೂಲಿಂದ ಬಂದ ದಾರೀನೇ ಅವ್ರಿಗೆ ಟೂರ್. ಎಷ್ಟೋ ಸಲ ನಾನು ಏನೂ ಇಲ್ಲ ಅಂದ್ಬಿಟ್ಟೆ.”

ಅಷ್ಟು ಹೇಳಿ ಕೆಳಗಿಳಿದಳು. ಮಿಸ್ ಬೈಯಲಿಲ್ಲ, ಬೆನ್ನ ಮೇಲೆ ಕೈಯಿಟ್ಟು ಸಾಲಿಗೆ ಕರೆದೊಯ್ದರು.

ಸಂಜೆ ಕಾಲೆಳೆದುಕೊಂಡು ಹೊರಟವಳಿಗೆ ಅರ್ಧ ದಾರಿಗೆ ಬಂದಾಗ ಗೊತ್ತಾಯಿತು, ತಾನು ಬಂದಿರುವುದು ಸುತ್ತು ದಾರಿಯಲ್ಲೇ. ಯಾರಿಗೆ ಹೇಳುವುದಕ್ಕೆ ಇನ್ನು? ತನ್ನ ಕಾಲಿನ ಮೇಲೆಯೇ ಸಿಟ್ಟು ಬಂತು, ಅಳುವೂ ಬಂತು. ಅಷ್ಟರಲ್ಲಿ ಯಾರೋ ಒಬ್ಬರು ಸೈಕಲ್ಲಿಗೆ ದೊಡ್ಡ ಕನ್ನಡಿ ಕಟ್ಟಿ ತಳ್ಳಿಕೊಂಡು ಹೋದರು. ಹಿಂದೆಯೇ ಒಂದು ನಾಯಿ, ಕನ್ನಡಿಯಲ್ಲಿದ್ದ ನಾಯಿಗೆ ಬೊಗಳುತ್ತಾ.

ಮನೆಯಲ್ಲಿ, ಅಂದು ಅಂಗಡಿಯಿಂದ ಬೇಗ ಬಂದಿದ್ದ ಅಮ್ಮ ಅಜ್ಜಿಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಏನೂ ಕೇಳಲಿಲ್ಲ. ಕೇಳುವಷ್ಟು ತ್ರಾಣ ಅವಳಲ್ಲಿ ಇದ್ದಂತಿರಲಿಲ್ಲ. ಚಿಟ್ಟಿ ಬ್ಯಾಗ್ ಇಳಿಸಿ ಅವಳ ಕಾಲ ಬಳಿ ಕೂತಳು.

“ಅಮ್ಮಾ, ಇವತ್ತು ದಾರೀಲಿ ಒಂದು ನಾಯಿ...” ಎಂದು ನಿಲ್ಲಿಸಿದಳು. ನಿದ್ದೆ ಬಂದಿದೆಯೋ ಏನೋ.

ಅಮ್ಮ ಕಣ್ಣು ಬಿಡಲಿಲ್ಲ. ಕಾಲು ಸರಿಸಿ ಇವಳಿಗೆ ಜಾಗ ಮಾಡಿಕೊಟ್ಟು, “ಹೂಂ” ಎಂದಳು.