ಆರಾಮ ಅದೀನಿ

“ನೀಲವ್ವ, ನಿಮ್ಮ ದನಿ ಇಂದು ಕುಗ್ಗಿದೆ. ಐದು ಸಲ ನಿಧಾನವಾಗಿ ಉಸಿರೆಳೆದುಕೊಳ್ಳೋಣವೇ?” ಎಂದಿತು ಕೊರಳ ಮಣಿ.

ನೀಲವ್ವ ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ. ಬೆಳಗಿನ ಹೊತ್ತು ಅವಳ ಬೆರಳುಗಳು ಕೊರಡಿನಂತಿರುತ್ತಿದ್ದವು. ಮಡಚಲು ಬರುವಷ್ಟರಲ್ಲಿ ಬಿಸಿಲು ಅಂಗಳಕ್ಕಿಳಿದಿರುತ್ತಿತ್ತು. ಗದಗಿನಲ್ಲಿ ಒಂದು ಕಾಲಕ್ಕೆ ಕುಪ್ಪಸ ಹೊಲಿಯುವುದರಲ್ಲಿ ಹೆಸರಾಗಿದ್ದ ಅವಳಿಗೆ ಸಂಧಿವಾತ ಅಂಟಿಕೊಂಡು ವರ್ಷಗಳೇ ಕಳೆದಿದ್ದವು.

“ಆರಾಮ ಅದೀನಿ,” ಎಂದಳು, ದನಿಯನ್ನು ಕೊಂಚ ಮೇಲೆತ್ತಿ, ಕೊನೆಗೊಂದು ನಗೆಯ ಒಗ್ಗರಣೆ ಹಾಕಿ. ಮಣಿ ಹಸಿರು ಬೆಳಕು ತೋರಿಸಿ ಸುಮ್ಮನಾಯಿತು.

ಅದರ ಹೆಸರು ಮನೋಶ್ರಾವಕ. ವಾಸಿಯಾಗದ ಕಾಯಿಲೆ ದೇಹದ ಜೊತೆಗೆ ಮನಸ್ಸನ್ನೂ ಸವೆಸುತ್ತದೆ. ಅಷ್ಟೊಂದು ಮನಸ್ಸುಗಳಿಗೆ ವೈದ್ಯರನ್ನು ಎಲ್ಲಿಂದ ತರುವುದು? ಹಾಗಾಗಿ ಈ ಮಣಿ ದಿನವಿಡೀ ರೋಗಿಯ ದನಿಯ ಏರಿಳಿತ, ಮಾತಿನ ನಡುವಿನ ಬಿಡುವು, ಉಸಿರಿನ ಲಯವನ್ನು ಅಳೆಯುತ್ತಿತ್ತು. ದುಃಖ ಕಂಡರೆ ಸಮಾಧಾನ ಹೇಳುತ್ತಿತ್ತು; ಮಿತಿ ಮೀರಿದರೆ ತನ್ನನ್ನು ಹಂಚಿದ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು. ಅಲ್ಲಿನವರು ಬಂದು ರೋಗಿಯನ್ನು ಕರೆದೊಯ್ದು ನಿಗಾ ಕೊಠಡಿಯಲ್ಲಿ ಇಡುತ್ತಿದ್ದರು. ನೀಲವ್ವ ಒಮ್ಮೆ ಅಲ್ಲಿದ್ದು ಬಂದಿದ್ದಳು. ವಾರವಿಡೀ ಎಲ್ಲರೂ ಮೆಲುದನಿಯಲ್ಲಿ ಮಾತಾಡಿಸಿ ಅವಳನ್ನು ಸುಸ್ತು ಮಾಡಿದ್ದರು.

ಆ ದಿನ, ದಿನವೂ ಅವಳಿಗೆ ಜಡೆ ಹಾಕುವ ಓರಗಿತ್ತಿ ಊರಲ್ಲಿರಲಿಲ್ಲ. ಗಂಡ ಚನಬಸಪ್ಪ, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ತಾನೇ ಹೆಣೆಯುತ್ತೇನೆಂದು ಕೂತ. ಕನ್ನಡಿಯಲ್ಲಿ ನೋಡಿದರೆ ಜಡೆ ಕಿವಿಯ ಮೇಲಿಂದ ಹೊರಟು ಆಕಾಶಕ್ಕೆ ಸೆಟೆದು ನಿಂತಿತ್ತು.

“ಇದೇನ್ರೀ, ಹಾಯಾಕ ಬಂದ ಎಮ್ಮಿ ಹಂಗ ಕಾಣ್ತೀನಿ!”

“ಒಂದ ಕೊಂಬು ಆಗೇತಿ. ತಡಿ, ಇನ್ನೊಂದು ಮಾಡ್ತೀನಿ,” ಎಂದ ಆತ ಗಂಭೀರವಾಗಿ.

ನೀಲವ್ವ ನಕ್ಕಳು. ಉಸಿರು ಸಿಕ್ಕಿಕೊಂಡು, ಕಣ್ಣೀರು ಹರಿದು, ನೋಯುವ ಪಕ್ಕೆಗಳನ್ನು ಒತ್ತಿಹಿಡಿದು ನಕ್ಕಳು. ಮಣಿ ಕೆಂಪಗಾಗಿ ಕೂಗತೊಡಗಿತು.

ಸ್ವಲ್ಪ ಹೊತ್ತಿನಲ್ಲೇ ಕೇಂದ್ರದ ವಾಹನ ಬಾಗಿಲಿಗೆ ಬಂತು. ಅದರಲ್ಲಿ ಮಣಿಯನ್ನು ರೂಪಿಸಿದ ವಿಜ್ಞಾನಿ ವಸುಧಾ ಕೂಡ ಇದ್ದಳು. ತಪಾಸಣೆಗೆಂದು ಗದಗಿಗೆ ಬಂದಿದ್ದವಳು.

“ಏನಾಯ್ತಮ್ಮ?”

“ನಕ್ಕೆ ನೋಡ್ರೀ, ಅಷ್ಟ.”

ವಸುಧಾ ಮಣಿಯಲ್ಲಿ ಮುದ್ರಿತವಾಗಿದ್ದ ದನಿಯನ್ನು ಎರಡು ಸಲ ಕೇಳಿದಳು. “ವಿಚಿತ್ರವಾಗಿದೆ. ನಗುವನ್ನ ಸಂಕಟ ಅಂದುಕೊಂಡಿದೆ. ನೆಮ್ಮದಿಯ ದನಿ ಹೇಗಿರುತ್ತೆ ಅಂತ ಇದು ನಿಮ್ಮಂಥ ಸಾವಿರಾರು ಜನರಿಂದಲೇ ಕಲಿತಿದೆ. ಆರಾಮಾಗಿದ್ದೀನಿ ಅಂತ ನೀವು ಹೇಳ್ತೀರಲ್ಲ, ಆಗಿನ ದನಿಯಿಂದ.”

“ಹಂಗಾದ್ರ ಅದು ಸುಳ್ಳು ಕಲತೈತ್ರೀ,” ಎಂದಳು ನೀಲವ್ವ. “ಅದರ ಬಾಯಿ ಮುಚ್ಚಸಾಕ ನಾವು ಹಂಗ ಅಂತಿದ್ವಿ.”

“ನಾವು ಅಂದ್ರೆ?”

“ಎಲ್ಲಾರೂ. ಆಸ್ಪತ್ರ್ಯಾಗ ಪಾಳಿ ಹಚ್ಚಿ ನಿಂತಾಗ ಒಬ್ಬರಿಗೊಬ್ಬರು ಹೇಳಿಕೊಟ್ಟೀವಿ.”

ವಸುಧಾ ಅಲ್ಲೇ ಚಾಪೆಯ ಮೇಲೆ ಕೂತಳು. ಸಭೆ ಸಭೆಗಳಲ್ಲಿ ಅವಳು ಹೆಮ್ಮೆಯಿಂದ ತೋರಿಸಿದ್ದ ರೋಗಿಗಳ ಸುಧಾರಣೆಯ ಏರುಗೆರೆಯೆಲ್ಲ ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಜಾಣತನವಾಗಿತ್ತು.

“ನಿಮಗೆ ನಿಜಕ್ಕೂ ಬೇಕಾಗಿದ್ದೇನು? ಹೇಳಿದ್ದರೆ ಅದನ್ನೇ ಮಾಡ್ತಿದ್ದೆ.”

ನೀಲವ್ವ ಮೊದಲ ಸಲ ದನಿಯನ್ನು ಎತ್ತದೆ, ಅದು ಇದ್ದಂತೆಯೇ ಬಿಟ್ಟಳು. “ದಣದೀನ್ರೀ ಯವ್ವಾ. ನೋವಿಗಲ್ಲ, ಅದು ನನ್ನ ಜೋಡಿ ಇರೋದ. ಯಾರೂ ನನ್ನ ಆರಾಮ ಮಾಡಾಕ ಬರಲಾರದಂಥಾ ಒಂದು ದಿನ ಬೇಕಾಗೇತಿ.”

ಮಣಿ ಮತ್ತೆ ಕೂಗಿತು. ವಸುಧಾ ಅದರ ದಾರ ಬಿಚ್ಚಿ, ದನಿ ಆರಿಸಿ, ಚೀಲದೊಳಗೆ ಹಾಕಿದಳು. ಸಮಾಧಾನದ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಹೊರಗೆ ಚಾಲಕ ಹಾರ್ನ್ ಹೊಡೆಯುತ್ತಿದ್ದ. ಚನಬಸಪ್ಪ ಹೋಗಿ ಅವನಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿ ಬರುವಷ್ಟರಲ್ಲಿ, ನೀಲವ್ವ ಗೋಡೆಗೊರಗಿ ನಿದ್ದೆ ಹೋಗಿದ್ದಳು.