ಕಿವಿಯ ಕೆಳಗಿನ ಮಚ್ಚೆ

ಗಂಡನ ಸ್ಟುಡಿಯೋದಲ್ಲಿ ಕೂತು ಅವಳು ಬ್ಯಾಂಕ್ ಗುಮಾಸ್ತರೊಬ್ಬರ ಪಾಸ್‌ಪೋರ್ಟ್ ಫೋಟೋದಲ್ಲಿ ಕಾಲರ್ ಮೇಲಿನ ಕಲೆಯನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಿದ್ದಾಗ, ಗಾಜಿನ ಬಾಗಿಲಾಚೆ ಮತ್ತೆ ಆ ನಗು ಕೇಳಿಸಿತು. ಅವಳ ಕೈ ಜಾರಿ ಕಾಲರಿನ ತುದಿಯೇ ಮಾಯವಾಯಿತು.

ಕ್ಯಾಮೆರಾ ಅಂಗಡಿಯ ಹುಡುಗಿ ಬಂದಿದ್ದಳು. ಒಂದು ದಿನದ ಮಟ್ಟಿಗೆ ಬಳಸಿ ನೋಡಲಿ ಎಂದು ಹೊಸ ಕ್ಯಾಮೆರಾ ತಂದಿದ್ದಳು.

"ಸರ್, ನೀವು ಸುಮ್ನೆ ಬಟನ್ ಒತ್ತಿ. ಕಣ್ಣು ಎಲ್ಲಿದೆ ಅಂತ ಅದೇ ಹುಡುಕ್ಕೊಳ್ಳುತ್ತೆ."

"ಹಾಗಾದ್ರೆ ನನಗೇನಮ್ಮ ಕೆಲಸ?"

"ನಗಿಸೋದು, ಸರ್!"

ಗಂಡ ಹುಡುಗಿಯನ್ನು ನಗಿಸಿಯೂಬಿಟ್ಟ. ಕ್ಲಿಕ್.

ಸ್ಟುಡಿಯೋಗೆ ಯಾವ ಕ್ಯಾಮೆರಾ ಬಂದರೂ ಮೊದಲ ಫೋಟೋ ಹೆಂಡತಿಯದು. ಮದುವೆಗೂ ಮುಂಚಿನ ರೂಢಿ ಅದು. ಕಿಟಕಿ ಪಕ್ಕದ ಸ್ಟೂಲು, ಸ್ವಲ್ಪ ಎಡಕ್ಕೆ ತಿರುಗಿದ ಮುಖ, "ಅಲ್ಲಾಡಬೇಡ್ವೇ" ಎಂಬ ಗದರಿಕೆ. ಇವತ್ತು ಆ ಮೊದಲ ಫೋಟೋ ಇನ್ನೊಬ್ಬಳ ಪಾಲಾಗಿತ್ತು.

ಹುಡುಗಿ ಹೊರಡುವಾಗ ಬಾಗಿಲಲ್ಲಿ ಇಣುಕಿದಳು. "ಅಕ್ಕಾ, ಸರ್‌ನ ಒಪ್ಪಿಸಿ. ಹಳೇದನ್ನ ಎಕ್ಸ್‌ಚೇಂಜ್‌ಗೆ ಹಾಕಿಬಿಡಿ."

"ಕ್ಯಾಮೆರಾನ ತಾನೇ?"

ಹಿಂದೆ ನಿಂತಿದ್ದ ಗಂಡನಿಗೆ ಕೆಮ್ಮು ಬಂತು.

ಹುಡುಗಿ ಹೋದ ಮೇಲೆ ಅವಳು ತಿರುಗದೆಯೇ ಕೇಳಿದಳು. "ನಾಲ್ಕು ದಿನಕ್ಕೊಂದು ಕ್ಯಾಮೆರಾ. ನಿಮಗೆ ಸಾಕು ಅನ್ನೋದೇ ಇಲ್ವಾ?"

"ಹಳೇದು ಫೋಕಸ್ ತಪ್ಪುತ್ತೆ ಕಣೇ. ನಿನ್ನ ಫೋಟೋಗಳನ್ನೇ ನೋಡು. ಒಂದರಲ್ಲಾದ್ರೂ ಕಣ್ಣು ಶಾರ್ಪ್ ಇದೆಯಾ? ಅದಕ್ಕೇ ಹೊಸದು ಬೇಕು ಅಂದದ್ದು."

"ನನ್ನ ಮೇಲೆ ಹಾಕ್ಬೇಡಿ. ಶಾರ್ಪ್ ಆಗಿರೋರು ಬೇರೆ ಇದ್ದಾರಲ್ಲ."

"ಓಹೋ. ಹೊಟ್ಟೆಉರೀನಾ?"

"ನನಗ್ಯಾಕ್ರೀ ಉರಿ? ಏಸಿ ಕೆಳಗೆ ಕೂತಿದ್ದೀನಿ."

ಅವನು ನಗುತ್ತಾ ಲ್ಯಾಬಿನಿಂದ ಆಲ್ಬಂ ತರಲು ಹೋದ.

ಅವಳು ಹಳೇ ಕ್ಯಾಮೆರಾದ ಫೋಟೋಗಳನ್ನು ತೆರೆದಳು. ಹೋಲಿಸಿ ನೋಡಲೆಂದು ಆ ಹುಡುಗಿಯನ್ನು ಅದರಲ್ಲೂ ತೆಗೆದಿದ್ದ. ಅದೇ ಸ್ಟೂಲು, ಅದೇ ಕಿಟಕಿ. ಏನಾದರೊಂದು ಐಬು ಸಿಗಲಿ ಎಂದು ಅವಳ ಮುಖವನ್ನು ಪರದೆ ತುಂಬ ಹಿಗ್ಗಿಸಿದಳು. ಕಣ್ಣು ಚೊಕ್ಕ. ರೆಪ್ಪೆಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಗುಮಾಸ್ತರ ಕಣ್ಣೂ ಚೊಕ್ಕ. ಗಿರಾಕಿಗಳೆಲ್ಲರದೂ.

ಹಾಗಾದರೆ ಕ್ಯಾಮೆರಾಗೆ ಏನೂ ಆಗಿಲ್ಲ.

ತನ್ನ ಫೋಟೋ ತೆರೆದಳು. ಕಣ್ಣು ಮಂಜುಮಂಜು. ಇಷ್ಟು ವರ್ಷ ಫ್ರೇಮ್ ಹಾಕಿಸುವ ಮೊದಲು ಆ ಕಣ್ಣುಗಳನ್ನು ತೀಡಿ ಸರಿಪಡಿಸುತ್ತಿದ್ದವಳು ಅವಳೇ. ಅವನು ಕೈಯಾರೆ ಹಿಡಿದ ಫೋಕಸ್ ಎಲ್ಲಿ ಹೋಗಿ ಕೂತಿದೆ ಎಂದು ಒಮ್ಮೆಯೂ ಹುಡುಕಿರಲಿಲ್ಲ. ಈಗ ಹುಡುಕಿದಳು. ಕೆನ್ನೆ, ದವಡೆ, ಓಲೆ. ಅದರ ಕೆಳಗೆ, ಕತ್ತು ಶುರುವಾಗುವಲ್ಲಿ, ಎಳ್ಳಿನಷ್ಟು ಮಚ್ಚೆ. ಅದರ ಪಕ್ಕದ ನವಿರು ಕೂದಲೂ ಸ್ಪಷ್ಟ.

ಅದರ ಹಿಂದಿನ ಕ್ಯಾಮೆರಾದ ಫೋಟೋ ತೆರೆದಳು. ಅಲ್ಲೂ ಮಚ್ಚೆ. ಅದಕ್ಕೂ ಹಿಂದಿನದು. ಮಚ್ಚೆಯೇ. ಕ್ಯಾಮೆರಾ ಬದಲಾಗುತ್ತಾ ಬಂದಿತ್ತು, ತಪ್ಪು ಬದಲಾಗಿರಲಿಲ್ಲ.

ಅವಳ ಬೆರಳು ತಾನಾಗಿ ಕಿವಿಯ ಕೆಳಗೆ ಹೋಯಿತು. ಏಸಿಯಲ್ಲೂ ಆ ಜಾಗ ಬೆಚ್ಚಗಿತ್ತು.

ಅವನು ಬಂದವನೇ ಹೊಸ ಕ್ಯಾಮೆರಾ ಎತ್ತಿಕೊಂಡ. "ಬಾ, ಕೂತ್ಕೋ."

"ಮೊದಲನೇದು ಆಗ್ಹೋಯ್ತಲ್ಲ."

"ಅದಿನ್ನೂ ಅಂಗಡಿಯವರ ಕ್ಯಾಮೆರಾ. ನೀನು ಕೂತ್ರೆ ನಮ್ಮದು. ಅಲ್ಲಾಡಬೇಡ್ವೇ."

ಕ್ಲಿಕ್.

ಇಬ್ಬರೂ ಪರದೆಗೆ ಬಗ್ಗಿದರು. ಕಣ್ಣು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವನು ಬಹಳ ಹೊತ್ತು ನೋಡಿ ತಲೆ ಕೆರೆದುಕೊಂಡ.

"ಚೆನ್ನಾಗೇನೋ ಇದೆ. ಆದ್ರೆ ನೀನು ಅನ್ನಿಸ್ತಿಲ್ಲ ಕಣೇ. ಏನೋ ಕಮ್ಮಿ."

ಏನು ಕಮ್ಮಿ ಎಂದು ಅವಳಿಗೆ ಗೊತ್ತಿತ್ತು. ಕಿವಿಯ ಕೆಳಗೆ ಬರೀ ಮಂಜು.

"ತಗೊಳ್ಳೋದಾ, ಬೇಡ್ವಾ? ನೀನೇ ಹೇಳು."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ನಾಳೆಯಿಂದ ಅವನು ಬೇಕೆಂದೇ ಅಲ್ಲಿ ನೋಡುತ್ತಾನೆ. ತನಗೇ ಗೊತ್ತಿಲ್ಲದೆ ನೋಡುವ ಆ ನೋಟ ಮತ್ತೆ ಸಿಗುವುದಿಲ್ಲ.

"ತಗೊಳ್ಳಿ," ಎಂದಳು. "ಗಿರಾಕಿಗಳಿಗೆ ಅನುಕೂಲ."

ಅವನು ಅಂಗಡಿಗೆ ಫೋನ್ ಮಾಡಲು ಹೊರಗೆ ಹೋದ. ಆಚೆ ಫೋನಿನ ಸ್ಪೀಕರಿನಲ್ಲಿ ಮತ್ತೆ ಆ ಹುಡುಗಿಯ ನಗು. ಈ ಸಲ ಅವಳು ಕತ್ತೆತ್ತಲಿಲ್ಲ. ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಮೆನು ತೆರೆದು, ಕಣ್ಣು ಹುಡುಕುವ ಸೆಟ್ಟಿಂಗ್ ಎಲ್ಲಿದೆ, ಹೇಗೆ ಆಫ್ ಮಾಡುವುದು ಎಂದು ನೋಡಿಕೊಂಡಳು. ಈಗ ಮುಟ್ಟಲಿಲ್ಲ. ತಾನು ಸ್ಟೂಲಿನ ಮೇಲೆ ಕೂರುವ ದಿನ, ಲೆನ್ಸ್ ಒರೆಸಿ ಕೊಡುವ ನೆಪದಲ್ಲಿ ಆಫ್ ಮಾಡಿದರಾಯಿತು.

ಮೆನು ಮುಚ್ಚಿ, ಗುಮಾಸ್ತರ ಕಾಲರಿಗೆ ತುದಿ ಕೂಡಿಸತೊಡಗಿದಳು.